ಹೆಸರಿನ ಮೇಲೆ ಹೆಬ್ಬೆರಳು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಬಾಕಿ. ವಡೋದರದ ಮಂಜಲ್‌ಪುರದಿಂದ ಮಕರಪುರದ ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಹಾಲಿನ ಗಾಡಿ, ಎರಡು ನಾಯಿ ಬಿಟ್ಟರೆ ಗಿರಿಜಮ್ಮ ಒಬ್ಬರೇ. ಐವತ್ತೇಳರ ವಯಸ್ಸು, ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಕಾಲಲ್ಲಿ ಗಂಡಸರ ಬೂಟು. ಪ್ರಯೋಗಾಲಯದಲ್ಲಿ ಚಪ್ಪಲಿ ಹಾಕುವಂತಿಲ್ಲ. ಹೆಂಗಸರ ಅಳತೆಯ ಬೂಟು ತರಿಸಿಕೊಡುತ್ತೇವೆ ಎಂದು ಕಂಪನಿಯವರು ಹೇಳಿ ಎಂಟು ವರ್ಷವಾಯಿತು. ಸೆರಗಿನ ತುದಿಯ ಗಂಟಿನಲ್ಲಿ ಒಂದು ಬೀಗದ ಕೈ ಇದೆ. ಅದು ಮನೆಯದಲ್ಲ.

ಗೇಟಿನ ಕಾವಲುಗಾರನಿಗೆ ‘ಜೈ ಶ್ರೀ ಕೃಷ್ಣ’ ಹೇಳಿ, ಮೊಬೈಲನ್ನು ಬಾಗಿಲಾಚೆಯ ತಗಡಿನ ಪೆಟ್ಟಿಗೆಗೆ ಹಾಕಿ, ಅವರು ತಮ್ಮ ಕೋಣೆಯ ಬೀಗ ತೆಗೆಯುತ್ತಾರೆ. ಕಿಟಕಿಯಿಲ್ಲದ ಕೋಣೆ. ಒಂದು ಮೇಜು, ಒಂದು ಕುರ್ಚಿ, ಒಂದು ಉಕ್ಕಿನ ಬೀರು, ಗೋಡೆಯಲ್ಲಿ ಒಂದಡಿ ಅಗಲದ ಕಿಂಡಿ. ಎರಡನೆಯ ಕುರ್ಚಿ ಬೇಡವೆಂದು ಅವರೇ ಹೇಳಿದ್ದಾರೆ. ಹೊಸ್ತಿಲಾಚೆ ನಿಂತು ನೋಡುವವರು ನೋಡಬಹುದು, ಒಳಗೆ ಕಾಲಿಡುವಂತಿಲ್ಲ. ಅಹಮದಾಬಾದಿನಿಂದ ಬಂದ ಕೊರಿಯರ್ ಮೂಟೆ ಆಗಲೇ ಮೇಜಿನ ಪಕ್ಕ ಕೂತಿದೆ. ಇವತ್ತು ಅರವತ್ತಮೂರು ಡಬ್ಬಿ.

ಮೊದಲ ಡಬ್ಬಿಯ ಟೇಪು ಕತ್ತರಿಸುತ್ತಾರೆ. ಒಳಗೆ ಬೆರಳುದ್ದದ ಪ್ಲಾಸ್ಟಿಕ್ ಕೊಳವೆ, ಅದರಲ್ಲಿ ಯಾರದೋ ಉಗುಳು, ಜೊತೆಗೆ ಮಡಚಿದ ಅರ್ಜಿ. ಅರ್ಜಿಯ ಮಡಿಕೆ ಬಿಚ್ಚುವುದಕ್ಕೂ ಗಿರಿಜಮ್ಮನ ಎಡಗೈ ಹೆಬ್ಬೆರಳು ಮೇಲಿನ ಸಾಲಿಗೆ ಹೋಗಿ ಕೂರುವುದಕ್ಕೂ ಸರಿಹೋಗುತ್ತದೆ. ಹೆಸರು ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗುತ್ತದೆ. ಬಲಗೈ ಒಂದೇ ಸಂಖ್ಯೆಯ ಎರಡು ಚೀಟಿ ಬಿಡಿಸಿ ಒಂದನ್ನು ಕೊಳವೆಗೆ, ಇನ್ನೊಂದನ್ನು ಅರ್ಜಿಗೆ ಅಂಟಿಸುತ್ತದೆ. ಅರ್ಜಿ ಬೋರಲಾಗಿ ಬೀರಿಗೆ ಹೋಗುತ್ತದೆ, ಕೊಳವೆ ಕಿಂಡಿಯ ತಟ್ಟೆಗೆ ಹೋಗುತ್ತದೆ. ಕಿಂಡಿಯಾಚೆ ಪರೀಕ್ಷೆ ಮಾಡುವವರು ಒಂಬತ್ತಕ್ಕೆ ಬರುತ್ತಾರೆ. ಅವರ ಪಾಲಿಗೆ ಕೊಳವೆಗಳಿಗೆ ಹೆಸರೇ ಇಲ್ಲ.

“ಮಂದಿ ಏನ್ ತಿಳ್ಕೊಂಡಾರ ಅಂದ್ರ, ಈಕಿಗೆ ಎಲ್ಲಾರ ಗುಟ್ಟೂ ಗೊತ್ತೈತಿ ಅಂತ,” ಎನ್ನುತ್ತಾರೆ, ಕೈ ನಿಲ್ಲಿಸದೆ. “ನನಗ ಗೊತ್ತಿರೂದು ನಂಬರ್ ಅಷ್ಟ ರೀ. ಹೆಸರು ನಾ ಓದೂದ ಬಿಟ್ಟೀನಿ.”

ಬಿಟ್ಟದ್ದು ಯಾಕೆ ಎಂಬುದೇ ಈ ಲೇಖನದ ಕಥೆ. ಅದಕ್ಕೆ ಮೊದಲು ಕೊಳವೆಯ ಕಥೆ ಸ್ವಲ್ಪ ಹೇಳಬೇಕು.

ಆಸ್ಪತ್ರೆಯ ಮೆಟ್ಟಿಲು ಹತ್ತದೆ, ಮನೆಯಲ್ಲೇ ಕೂತು ಕಂಪನಿ ಕಳಿಸಿದ ಕೊಳವೆಯೊಳಗೆ ಉಗುಳಿ ವಾಪಸು ಕಳಿಸಿದರೆ ಮೂರು ವಾರಕ್ಕೆ ನಿಮ್ಮ ವಂಶದ ಜಾತಕ ಕೈಗೆ ಬರುತ್ತದೆ. ಮುಂದೆ ಯಾವ ಕಾಯಿಲೆ ಕಾಡಬಹುದು, ಹುಟ್ಟುವ ಮಗುವಿಗೆ ಥಲಸ್ಸೇಮಿಯಾ ಬರುವ ಸಂಭವ ಉಂಟೇ, ಅಜ್ಜನ ಅಜ್ಜ ಯಾವ ಸೀಮೆಯವನು, ಎಲ್ಲವೂ. ಕೆಲವರು ತಮಾಷೆಗೆ ಮಾಡಿಸುತ್ತಾರೆ, ಹೆಚ್ಚಿನವರು ಹೆದರಿಕೆಗೆ. ತೊಂದರೆ ಏನೆಂದರೆ ಒಬ್ಬರ ಉಗುಳು ಒಬ್ಬರದೇ ಅಲ್ಲ. ಅಕ್ಕ ಉಗುಳಿದರೆ ತಂಗಿಯದೂ ಅರ್ಧ ಬಯಲಾಗುತ್ತದೆ. ಬ್ಯಾಂಕಿನ ಗುಪ್ತ ಸಂಖ್ಯೆ ಕಳೆದುಹೋದರೆ ಬದಲಾಯಿಸಬಹುದು, ಇದನ್ನು ಬದಲಾಯಿಸಲು ಇನ್ನೊಂದು ಜನ್ಮವೇ ಬೇಕು. ಇದನ್ನು ತಿಳಿಯಬಯಸುವವರ ಸಾಲೂ ಸಣ್ಣದಲ್ಲ: ವಿಮೆ ಮಾರುವವರು, ಕೆಲಸ ಕೊಡುವವರು, ಎಲ್ಲರಿಗಿಂತ ಮುಂದೆ ಹೆಣ್ಣು ನೋಡಲು ಬರುವವರು.

ಕಳಿಸುವವರಿಗೆ ಮಾತ್ರ ಈ ಎಚ್ಚರ ಇಲ್ಲ. ಅರ್ಜಿಯಲ್ಲಿ ಕೇಳಿದ್ದು ಒಂದು ಹೆಸರು, ಅವರು ಕೊಡುವುದು ಏಳು ತಲೆಮಾರು. ಮೇಲೆ ಗುಜರಾತಿಯಲ್ಲಿ ‘ಶ್ರೀ’, ಅದಕ್ಕೆ ಅರಿಸಿನ ಕುಂಕುಮ, ಕೆಳಗೆ ಆಧಾರ್ ಕಾರ್ಡಿನ ನಕಲು, ಮದುವೆಗೆಂದು ಮಾಡಿಸಿದ ಬಯೋಡೇಟಾ, ಪಾಸ್‌ಪೋರ್ಟ್ ಅಳತೆಯ ಫೋಟೊ. ಗೊಂದಲ ಆಗದಿರಲೆಂದು ಕೊಳವೆಯ ಮೇಲೂ ಅಳಿಸಲಾಗದ ಮಸಿಯಲ್ಲಿ ಹೆಸರು. ಒಬ್ಬ ಪುಣ್ಯಾತ್ಮರು ಡಬ್ಬಿಯಲ್ಲಿ ಗೋಧಿ ಬೆಲ್ಲದ ಸಿಹಿ ಸುಖಡಿಯನ್ನೂ ನೂರು ಗ್ರಾಂ ಕಳಿಸಿದ್ದರಂತೆ, ಪರೀಕ್ಷೆ ಮಾಡುವವರ ಬಾಯಿ ಸಿಹಿಯಾಗಲಿ ಎಂದು. ಗಿರಿಜಮ್ಮ ಕೊಳವೆಯನ್ನು ಸ್ಪಿರಿಟ್ಟಿನಿಂದ ಉಜ್ಜುತ್ತಾರೆ, ಕೇಳದೆ ಬಂದ ಕಾಗದಗಳನ್ನು ಚೂರು ಮಾಡುವ ಯಂತ್ರಕ್ಕೆ ಕೊಡುತ್ತಾರೆ. ದಿನಕ್ಕೆ ಒಂದು ಬುಟ್ಟಿ ಚೂರು. ಸುಖಡಿ ಇರುವೆಗಳಿಗೆ ಹೋಯಿತು.

“ನಮ್ಮ ಮಂದಿಗೆ ಏನೂ ಮುಚ್ಚಿ ಗೊತ್ತಿಲ್ರಿ. ಬಾಗಿಲಾ ತೆರದ ಕುಂದರತಾರ. ಕಳ್ಳ ಬಂದ ಮ್ಯಾಲ ಕೀಲಿ ಹುಡುಕತಾರ.”

ಗಿರಿಜಮ್ಮ ನರಗುಂದದ ಕಡೆಯವರು. ತಾಯಿ ರತ್ನಮ್ಮ ಸುತ್ತ ನಾಲ್ಕು ಹಳ್ಳಿಗೆ ಸೂಲಗಿತ್ತಿ. ಕೂಸು ಯಾರನ್ನು ಹೋಲುತ್ತದೆ ಎಂದು ಮೊದಲು ನೋಡುವವಳೂ ಸೂಲಗಿತ್ತಿಯೇ, ಮೊದಲು ಮರೆಯಬೇಕಾದವಳೂ ಅವಳೇ. “ನಮ್ಮವ್ವ ಹೊರಗ ಬಂದು ಹೆಣ್ಣೋ ಗಂಡೋ ಅಷ್ಟ ಹೇಳ್ತಿದ್ಲು. ಬಾಣಂತಿ ಕ್ವಾಣ್ಯಾಗ ಕಂಡದ್ದು ಹೊಸ್ತಿಲಾ ದಾಟಬಾರ್ದು ಅಂತಿದ್ಲು. ಆಕಿ ಸತ್ತಾಗ ಎಷ್ಟ್ ಮನಿ ಗುಟ್ಟು ಆಕಿ ಜೋಡಿ ಮಣ್ಣಾದ್ವೋ ಆ ಶಿವಗ ಗೊತ್ತು.”

ಮದುವೆಯಾಗಿ ವಡೋದರಕ್ಕೆ ಬಂದದ್ದು ಇಪ್ಪತ್ತೊಂಬತ್ತು ವರ್ಷದ ಹಿಂದೆ. ಗಂಡ ಚನ್ನಬಸಪ್ಪ ಸರ್ಕಾರಿ ಉದ್ದಿಮೆಯೊಂದರ ಉಗ್ರಾಣದಲ್ಲಿ ನೌಕರ. ಮಕ್ಕಳಾಗಲಿಲ್ಲ. ಹತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಊರಿಗೆ ಹೋಗಬಹುದಿತ್ತಲ್ಲ ಎಂದರೆ ಗಿರಿಜಮ್ಮ ನಗುತ್ತಾರೆ. ಊರಲ್ಲಿ ಅವರನ್ನು ‘ಬರೋಡಾದಾಕಿ’ ಎನ್ನುತ್ತಾರೆ, ಇಲ್ಲಿ ‘ಕರ್ನಾಟಕ್‌ವಾಲಿ’ ಎನ್ನುತ್ತಾರೆ. ಎರಡು ಕಡೆಯೂ ಪರಸ್ಥಳದವರಾದ ಮೇಲೆ ಬಾಡಿಗೆ ಕಡಿಮೆ ಇರುವ ಕಡೆ ಇರುವುದೇ ವಾಸಿ ಎಂದು ಲೆಕ್ಕ ಹಾಕಿದರಂತೆ. ಎಸ್ಸೆಸ್ಸೆಲ್ಸಿಯವರೆಗಿನ ಓದು, ಅಚ್ಚುಕಟ್ಟಾದ ಕೈಬರಹ, ತಪ್ಪಿಲ್ಲದ ಹಿಂದಿ, ಅಷ್ಟಿಷ್ಟು ಗುಜರಾತಿ. ಅಷ್ಟರ ಮೇಲೆ ಈ ಕೆಲಸ ಸಿಕ್ಕಿತು.

ಮೊದಲ ವರ್ಷ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳದೆ ವಿಭೂತಿ ಮುಟ್ಟುತ್ತಿರಲಿಲ್ಲ. ಎಷ್ಟೆಂದರೂ ಊರ ಮಂದಿಯ ಎಂಜಲು. “ಆಮ್ಯಾಲ ಅನಸ್ತು, ನಮ್ಮವ್ವ ರಗತ ಮುಟ್ಟತಿದ್ಲು, ನಾ ಎಂಜಲಾ ಮುಟ್ಟತೀನಿ. ಆಕಿ ಮೈಲಿಗಿ ಅನ್ನಲಿಲ್ಲ, ನಾ ಯಾಕ ಅನ್ನಲಿ?”

ಈ ಕಂಪನಿಯ ಜಾಹೀರಾತನ್ನು ನೀವು ನೋಡಿರಬಹುದು. ‘ನಿಮ್ಮ ಗುಟ್ಟು ನಮ್ಮ ಸಾದಾ ಡಬ್ಬಿಯಲ್ಲಿ ಭದ್ರ’ ಎಂದು ಅದರಲ್ಲಿ ಒಬ್ಬ ಚೆಲುವೆ ಹೇಳುತ್ತಾಳೆ. ಆ ಸಾದಾ ಡಬ್ಬಿಯ ಹಿಂದೆ ಯಾರಿದ್ದಾರೆಂದು ಚೆಲುವೆಗೂ ಗೊತ್ತಿಲ್ಲ, ಬಹುಶಃ ಕಂಪನಿಗೂ ನೆನಪಿಲ್ಲ. ಮೊದಲು ಡಬ್ಬಿಯ ಮೇಲೆ ಡಿಎನ್‌ಎಯ ಬಣ್ಣಬಣ್ಣದ ತಿರುಚಿದ ಏಣಿಯ ಚಿತ್ರ, ದಪ್ಪ ಅಕ್ಷರದಲ್ಲಿ ‘ನಿಮ್ಮ ರಕ್ತ ಏನು ಹೇಳುತ್ತದೆ?’ ಎಂಬ ಪ್ರಶ್ನೆ ಇರುತ್ತಿತ್ತು. ಸೂರತ್ತಿನ ಅಡಾಜಣ್‌ನ ಒಂದು ಅಪಾರ್ಟ್‌ಮೆಂಟಿಗೆ ಅಂಥದ್ದೊಂದು ಹೋಯಿತು. ಕಾವಲುಗಾರ ಅದನ್ನು ಗೇಟಿನ ಮೇಜಿನ ಮೇಲೆ ಇಟ್ಟುಕೊಂಡ. ಸಂಜೆ ವಾಕಿಂಗಿಗೆ ಇಳಿದವರೆಲ್ಲ ಅದನ್ನು ತಿರುಗಿಸಿ ಮಗುಚಿ ನೋಡಿ, ಮೂರನೇ ಮಹಡಿಯವರಿಗೆ ಏನೋ ಕಾಯಿಲೆಯಂತೆ ಎಂದು ಮೇಲೆ ಹತ್ತಿದರು. ಕೊಳವೆಯ ಜೊತೆ ಆ ಮನೆಯಾಕೆ ನಾಲ್ಕು ಸಾಲಿನ ಪತ್ರ ಇಟ್ಟಿದ್ದರು: ಅಮ್ಮಾ, ಮುಂದಿನ ಸಲ ಹಳೇ ಚಪ್ಪಲಿ ಡಬ್ಬಿಯಲ್ಲಾದರೂ ಕಳಿಸಿ.

ಗಿರಿಜಮ್ಮ ಪತ್ರ ತೆಗೆದುಕೊಂಡು ಆಗಿನ ಮ್ಯಾನೇಜರ್ ಬಳಿ ಹೋದರು. ಡಬ್ಬಿಯೇ ನಮ್ಮ ಜಾಹೀರಾತು, ಅದನ್ನು ಮುಚ್ಚುವುದು ಹೇಗೆ ಎಂದು ಅವರು ನಕ್ಕರು. ಗಿರಿಜಮ್ಮ ವಾದಿಸಲಿಲ್ಲ. ಮಾರನೆಯ ದಿನದಿಂದ, ಹೊರಡಬೇಕಾದ ಒಂದೊಂದು ಡಬ್ಬಿಯನ್ನೂ ಬಿಚ್ಚಿ, ಒಳಮೈ ಹೊರಗೆ ಬರುವಂತೆ ತಿರುಗಿಸಿ ಮಡಚತೊಡಗಿದರು. ಚಿತ್ರ, ಅಕ್ಷರ ಎಲ್ಲ ಒಳಗೆ. ಹೊರಗೆ ಬರೀ ಮಣ್ಣಿನ ಬಣ್ಣದ ರಟ್ಟು. ಕೆಲಸ ಮುಗಿದ ಮೇಲೆ ದಿನಕ್ಕೆ ಅರವತ್ತು ಎಪ್ಪತ್ತು ಡಬ್ಬಿ. ನಾಲ್ಕು ತಿಂಗಳು ಯಾರ ಗಮನಕ್ಕೂ ಬರಲಿಲ್ಲ. ಗಮನಕ್ಕೆ ಬಂದಾಗ ಮ್ಯಾನೇಜರ್ ಬೈಯಲು ಬಾಯಿ ತೆರೆದರು, ಅಷ್ಟರಲ್ಲಿ ಮರು ಆರ್ಡರುಗಳು ಹೆಚ್ಚಾಗಿರುವ ಪಟ್ಟಿ ಅವರ ಕೈಗೆ ಬಂತು, ಬಾಯಿ ಹಾಗೇ ಮುಚ್ಚಿಕೊಂಡಿತು. ಈಗ ಡಬ್ಬಿಗಳು ಸಾದಾ ಆಗಿಯೇ ಬರುತ್ತವೆ.

ಆ ಮ್ಯಾನೇಜರ್ ಹೋಗಿ ಈಗ ನೇಹಾ ಬಂದು ಐದು ವರ್ಷ ದಾಟಿದೆ. ಅಹಮದಾಬಾದಿನ ಹುಡುಗಿ, ಮೂವತ್ತೆರಡರ ಪ್ರಾಯ, ಮಾತು ಚುರುಕು. “ನಮ್ಮಲ್ಲಿ ಎಷ್ಟೋ ಬೀಗಗಳಿವೆ, ಕಂಪ್ಯೂಟರಿಗೆ ಬೇರೆ, ಬಾಗಿಲಿಗೆ ಬೇರೆ. ನನಗೆ ನಿದ್ದೆ ಬರುವುದು ಗಿರಿಜಾಬೆನ್ ಇರುವುದರಿಂದ,” ಎಂದು ಹಿಂದಿಯಲ್ಲಿ ಹೇಳುತ್ತಾರೆ. ಗುರುವಾರ ಇವರಿಬ್ಬರೂ ಒಟ್ಟಿಗೆ ಕೂರುವ ದಿನ. ‘ನನ್ನದನ್ನು ಅಳಿಸಿಬಿಡಿ’ ಎಂದು ತಮ್ಮ ಸಂಖ್ಯೆ ಸಮೇತ ಬರೆದವರ ಕೊಳವೆ ಫ್ರೀಜರಿನಿಂದ, ಅರ್ಜಿ ಬೀರಿನಿಂದ ಹೊರಬರುತ್ತವೆ. ವಾರಕ್ಕೆ ಎಂಟು, ಹತ್ತು. ಗಿರಿಜಮ್ಮ ನಾಶ ಮಾಡುತ್ತಾರೆ, ಹೊಸ್ತಿಲಾಚೆ ಕೂತ ನೇಹಾ ಸಾಕ್ಷಿ. ಆಮೇಲೆ ‘ನಿಮ್ಮದು ನಮ್ಮಲ್ಲಿ ಏನೂ ಉಳಿದಿಲ್ಲ’ ಎಂಬ ಪತ್ರಕ್ಕೆ ಇಬ್ಬರ ಸಹಿ ಬೀಳುತ್ತದೆ. ಅವತ್ತೊಂದು ದಿನ ಮೈ ಹಗುರಾಗುತ್ತದೆ ಎನ್ನುತ್ತಾರೆ ಗಿರಿಜಮ್ಮ. ಎಂಟು ವರ್ಷದಲ್ಲಿ ಈ ಕೈಯಲ್ಲಿ ಒಂದೂವರೆ ಲಕ್ಷದ ಹತ್ತಿರ ಡಬ್ಬಿ ಹಾದುಹೋಗಿವೆ. ಒಂದು ಕೊಳವೆಯೂ ಅದಲುಬದಲಾಗಿಲ್ಲ, ಒಂದು ಅರ್ಜಿಯೂ ಕೋಣೆ ಬಿಟ್ಟು ಹೋಗಿಲ್ಲ.

ಹನ್ನೆರಡೂವರೆಗೆ ಊಟ. ಪ್ರಯೋಗಾಲಯದವರಿಗೆ ಮೇಲಿನ ಮಹಡಿಯಲ್ಲಿ ಒಳ್ಳೆಯ ಊಟದ ಕೋಣೆ ಇದೆ, ನಗೆ ಕೆಳಗಿನವರೆಗೂ ಕೇಳುತ್ತದೆ. ಹೆಸರು ಮುಟ್ಟುವವರೂ ಸಂಖ್ಯೆ ಮುಟ್ಟುವವರೂ ಪರಸ್ಪರ ಕೆಲಸದ ವಿಷಯ ಮಾತಾಡಬಾರದು ಎಂಬುದು ಕಂಪನಿಯ ನಿಯಮ. ಗಿರಿಜಮ್ಮ ಅದನ್ನು ಊಟಕ್ಕೂ ಎಳೆದುಕೊಂಡಿದ್ದಾರೆ. ಹಿಂದಿನ ಮೆಟ್ಟಿಲ ಮೇಲೆ, ಬೇವಿನ ಮರದ ನೆರಳಲ್ಲಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕೂರುತ್ತಾರೆ. ಚೂರು ರೊಟ್ಟಿಗೆ ಎರಡು ಅಳಿಲು ಬರುತ್ತವೆ. ಅವುಗಳಿಗೆ ಹೆಸರಿಟ್ಟಿದ್ದೀರಾ ಎಂದರೆ, “ಹೆಸರು ಯಾಕ್ರಿ? ಅದು ಒಂದನೇ ನಂಬರ್, ಇದು ಎರಡನೇ ನಂಬರ್,” ಎಂದು ಗಟ್ಟಿಯಾಗಿ ನಗುತ್ತಾರೆ. ಆ ನಗು ಬೇಗ ಮುಗಿಯುತ್ತದೆ.

ಇವರು ಹೀಗೆ ಒಬ್ಬರೇ ಕೂತು ಉಣ್ಣುವ ಹೆಂಗಸಾಗಿರಲಿಲ್ಲ. ಐದು ವರ್ಷದ ಹಿಂದಿನವರೆಗೆ ವಡೋದರದ ಕನ್ನಡದ ಹೆಣ್ಣುಮಕ್ಕಳ ಸೋಮವಾರದ ಭಜನೆಗೆ ಗಿರಿಜಮ್ಮನ ದನಿ ಇಲ್ಲದಿದ್ದರೆ ಕಳೆ ಇರುತ್ತಿರಲಿಲ್ಲ. ಯಾರ ಮನೆಯ ಸೀಮಂತಕ್ಕೂ ಐವತ್ತು ಹೋಳಿಗೆ ಇವರ ಕೈಯಿಂದಲೇ ಆಗಬೇಕು. ಅಲ್ಲಿ ಸಿಕ್ಕ ಗೆಳತಿ ಒಬ್ಬರು, ಮೈಸೂರಿನ ಕಡೆಯವರು. ಅವರನ್ನು ಇಲ್ಲಿ ಅನುರಾಧಾ ಎಂದು ಕರೆಯೋಣ. ಮಗಳು ಅರ್ಚಿತಾ. ಈ ಎರಡು ಹೆಸರುಗಳನ್ನೂ, ಮುಂದೆ ಬರುವ ಇನ್ನೊಂದನ್ನೂ ಗಿರಿಜಮ್ಮನೇ ಬದಲಾಯಿಸಿ ಕೊಟ್ಟಿದ್ದಾರೆ. ಅನುರಾಧಾ ಗಂಡನ ಕೆಲಸ ಏನೆಂದು ಬರೆಯಲೂ ಬಿಟ್ಟಿಲ್ಲ. ತಮ್ಮ ಹೆಸರು ಮಾತ್ರ ಇದ್ದ ಹಾಗೆಯೇ ಇರಲಿ ಎಂದರು. “ತಪ್ಪು ನಂದು. ಅದರ ಮ್ಯಾಲ ಬ್ಯಾರೇದವರ ಹೆಸರು ಯಾಕ?”

ಇಬ್ಬರದೂ ಹದಿನೈದು ವರ್ಷದ ಗೆಳೆತನ. ಚನ್ನಬಸಪ್ಪ ಹೋದಾಗ ಹನ್ನೊಂದು ದಿನ ಅನುರಾಧಾ ಇವರ ಮನೆಯಲ್ಲೇ ಮಲಗಿದ್ದರು. ವಡೋದರದಲ್ಲೇ ಹುಟ್ಟಿ ಬೆಳೆದ ಅರ್ಚಿತಾಳ ಕನ್ನಡ ಅಷ್ಟಕ್ಕಷ್ಟೇ. ಅದರಲ್ಲೂ ಇವರ ಭಾಷೆ ಕೇಳಿದರೆ ಬಿದ್ದು ಬಿದ್ದು ನಗುತ್ತಿದ್ದಳು. “ಆಂಟಿ, ‘ಹೌದಲ್ರೀ’ ಮತ್ತೆ ಬೋಲೋ ನಾ,” ಎಂದು ಕಾಡುತ್ತಿದ್ದಳಂತೆ.

ಆ ಕಾಲಕ್ಕೆ ಗಿರಿಜಮ್ಮ ಅರ್ಜಿಯ ಹೆಸರುಗಳನ್ನು ಓದುತ್ತಿದ್ದರು. ಓದಬಾರದೆಂದು ಯಾರೂ ಹೇಳಿರಲಿಲ್ಲ, ಬೇರೆಯವರಿಗೆ ಹೇಳಬಾರದೆಂದಷ್ಟೇ ಇತ್ತು. ಅವರು ಹೇಳುತ್ತಲೂ ಇರಲಿಲ್ಲ. ಆದರೆ ಎಲ್ಲಿ ಕೆಲಸ ಮಾಡುತ್ತಾರೆಂದು ಭಜನೆಯವರಿಗೆಲ್ಲ ಗೊತ್ತಿತ್ತು. ಒಂದು ದಿನ ಸೂರತ್ತಿನಿಂದ ನಳಿನಿ ಎಂಬಾಕೆ ಫೋನು ಮಾಡಿದರು. ಹುಬ್ಬಳ್ಳಿಯವರು, ಗಂಡ ಸೂರತ್ತಿನ ಪಕ್ಕದ ಸಚಿನ್ ಎಂಬ ಊರಿನ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಮಗನಿಗೆ ಹೆಣ್ಣು ಹುಡುಕುತ್ತಿದ್ದವರು. ಒಂದು ಹುಡುಗಿಯ ಹೆಸರು ಹೇಳಿ, “ಅಕ್ಕಾರ, ಆ ಹುಡುಗಿ ನಿಮ್ಮ ಕಡೆ ಏನರ ತಪಾಸಣಿ ಮಾಡಿಸ್ಯಾಳೇನು? ಮನ್ಯಾಗ ಏನರ ರೋಗ ರುಜಿನ ಅದಾವೇನು ಅಂತ ಕೇಳಿದೆ,” ಎಂದರು.

ಆ ಹುಡುಗಿಯ ಡಬ್ಬಿ ಬಂದಿರಲಿಲ್ಲ. ಗಿರಿಜಮ್ಮನ ಮನಸ್ಸು ಒಳ್ಳೆಯದು. ಸುಮ್ಮನೆ ಒಂದು ಹುಡುಗಿಯ ಮೇಲೆ ಅನುಮಾನ ಯಾಕೆ ಬೀಳಬೇಕು ಎಂದುಕೊಂಡು, “ಇಲ್ರಿ, ಆಕಿ ಹೆಸರ ಬಂದಿಲ್ಲ. ಆರಾಮ ಇರ್ರಿ,” ಎಂದುಬಿಟ್ಟರು. ಆ ಸಂಬಂಧ ಜಾತಕ ಕೂಡದೆ ಬಿಟ್ಟುಹೋಯಿತು. ಇವರೂ ಆ ಮಾತನ್ನು ಮರೆತರು.

ಒಂದು ತಿಂಗಳಾದ ಮೇಲೆ ನೇಹಾ ಹೊಸದಾಗಿ ಕೆಲಸಕ್ಕೆ ಬಂದರು. ಮೊದಲ ದಿನವೇ ಗಿರಿಜಮ್ಮನನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿದರು. ಬೆನ್, ನಮ್ಮಲ್ಲಿಗೆ ಬಾರದೇ ಇರುವವರ ಬಗ್ಗೆ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಬಂದಿಲ್ಲ ಅನ್ನುತ್ತೇನೆ, ಎಂದರು ಇವರು. ಮರುದಿನ ಅದೇ ಮನುಷ್ಯ ನಮ್ಮಲ್ಲಿಗೆ ಬಂದಿರುವವರ ಬಗ್ಗೆ ಕೇಳಿದರೆ, ಎಂದರು ನೇಹಾ. ಹೇಳೂದಿಲ್ಲ ಅನ್ನುತ್ತೇನೆ ಎಂದು ಬಾಯಿ ತೆರೆದ ಗಿರಿಜಮ್ಮನಿಗೆ ತಮ್ಮ ತಪ್ಪು ಅಲ್ಲೇ ಹೊಳೆಯಿತು. ನಿನ್ನೆ ‘ಇಲ್ಲ’ ಎಂದವಳು ಇವತ್ತು ಸುಮ್ಮನಿದ್ದರೆ, ಸುಮ್ಮನಿದ್ದದ್ದೇ ‘ಹೌದು’ ಆಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಬಂದವರ ಬಗ್ಗೆ ಸುಮ್ಮನಿರಬೇಕಾದರೆ ಬಾರದವರ ಬಗ್ಗೆಯೂ ಸುಮ್ಮನಿರಬೇಕು. ನೇಹಾ ಹೇಳಿದ್ದು ಅಷ್ಟೇ. ತಾನು ಆಗಲೇ ಒಂದು ‘ಇಲ್ಲ’ ಕೊಟ್ಟು ಕೂತಿದ್ದೇನೆಂದು ಇವರು ಅವತ್ತು ಹೇಳಿಕೊಳ್ಳಲಿಲ್ಲ. “ಹೆದರಿಕಿ ಆತ್ರಿ. ಕೆಲಸ ಹೋದೀತು ಅಂತಲ್ಲ. ಆ ನಳಿನಿ ಮತ್ತ ಫೋನ್ ಮಾಡಿದ್ರ ಹೆಂಗ ಅಂತ.”

ಆರು ತಿಂಗಳಿಗೆ ನಳಿನಿಯ ಫೋನು ಬಂತು. ಮಗನಿಗೆ ಅರ್ಚಿತಾಳನ್ನು ನೋಡಿದ್ದರು. ಹುಡುಗ ಹುಡುಗಿ ಅಹಮದಾಬಾದಿನಲ್ಲಿ ಎರಡು ಸಲ ಭೇಟಿಯಾಗಿ ಒಪ್ಪಿದ್ದರು. ನಿಶ್ಚಿತಾರ್ಥಕ್ಕೆ ದಿನವೂ ಗೊತ್ತಾಗಿತ್ತು. ಆದರೆ ಅನುರಾಧಾ ಅವರ ತಂಗಿ ನಲವತ್ತಕ್ಕೇ ಕ್ಯಾನ್ಸರಿನಿಂದ ತೀರಿಕೊಂಡಿದ್ದನ್ನು ಯಾರೋ ನಳಿನಿಯ ಕಿವಿಗೆ ಹಾಕಿದ್ದರು. “ಅಕ್ಕಾರ, ಹೋದ ಸಲ ಹೇಳಿದ್ರಲ್ಲ, ಹಂಗ ಒಂದ ಮಾತು. ಅರ್ಚಿತಾ ತಪಾಸಣಿ ಮಾಡಿಸ್ಯಾಳೋ ಇಲ್ಲೋ?”

“ನನಗ ಹೇಳಾಕ ಬರೂದಿಲ್ರಿ,” ಎಂದರು ಗಿರಿಜಮ್ಮ.

“ಅವತ್ತ ಹೇಳಿದ್ರಿ.”

“ಅವತ್ತ ಹೇಳಿದ್ದು ತಪ್ಪು.”

“ಬೆಂಕಿ ಇಲ್ಲದ ಹೊಗಿ ಆಡತೈತೇನ್ರಿ ಅಕ್ಕಾರ? ತಿಳೀತು ಬಿಡ್ರಿ,” ಎಂದು ನಳಿನಿ ಫೋನಿಟ್ಟರು. ಒಂದು ವಾರದೊಳಗೆ ಸಂಬಂಧ ಮುರಿಯಿತು. ಯಾಕೆ ಮುರಿಯಿತೆಂದು ಸೂರತ್ತಿಗೆ ಗೊತ್ತಾಯಿತು, ಅಹಮದಾಬಾದಿಗೆ ಗೊತ್ತಾಯಿತು, ಕೊನೆಗೆ ವಡೋದರದ ಭಜನೆಗೂ ಗೊತ್ತಾಯಿತು. ಊರ ಬಾಯಿಗೆ ಮುಚ್ಚಳ ಎಲ್ಲಿದೆ?

ಭಾನುವಾರ ಮಧ್ಯಾಹ್ನ ಅನುರಾಧಾ ಬಂದರು. ಗಿರಿಜಮ್ಮ ಚಹಾಕ್ಕೆ ಇಟ್ಟರು. “ಗಿರಿಜಕ್ಕ, ನಾನು ಬೇರೆ ಏನೂ ಕೇಳಲ್ಲ. ಅವರಿಗೆ ಫೋನ್ ಮಾಡಿ ‘ಆ ಹುಡುಗಿ ಬಂದಿಲ್ಲ’ ಅಂತ ಒಂದು ಮಾತು ಹೇಳಿ. ನಮ್ಮ ಅರ್ಚಿತಾ ಅಂಥದ್ದೆಲ್ಲ ಮಾಡಿಸಿಲ್ಲ, ನನಗೆ ಗೊತ್ತು. ನಿಮಗೂ ಗೊತ್ತು,” ಎಂದರು.

ಗಿರಿಜಮ್ಮ ಒಲೆಯ ಕಡೆಗೇ ಮುಖ ಮಾಡಿ ನಿಂತಿದ್ದರು. ಮಾಡಿಸಿಲ್ಲ ಎಂದು ಫೋನು ಮಾಡಿದರೆ, ನಾಳೆ ಯಾವ ಮನೆಯ ಹುಡುಗಿಯ ಪರವಾಗಿ ಇವರು ಫೋನು ಮಾಡುವುದಿಲ್ಲವೋ ಆ ಹುಡುಗಿಯ ಬಾಳು ಕೆಟ್ಟಂತೆ. ಇಪ್ಪತ್ತಾರು ವರ್ಷದ ಹುಡುಗಿ ತಾಯಿಗೆ ತಿಳಿಯದೆ ಕಳಿಸಿದ್ದರೆ, ತಾಯಿಯ ಮುಂದೆ ಹೇಳುವುದೂ ದ್ರೋಹವೇ. ಕಳಿಸಿಲ್ಲದಿದ್ದರೂ ಬಾಯಿ ಬಿಡುವಂತಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಲು ಅವತ್ತು ಮಾತು ಸಿಕ್ಕಲಿಲ್ಲ. ‘ಮಾಡಂಗಿಲ್ಲ ಅನುರಾಧಾ’ ಎಂಬ ಎರಡು ಶಬ್ದ ಮಾತ್ರ ಬಂತು.

“ಆಕಿ ಬೈಯಲಿಲ್ರಿ. ಕಾಲಿಗೆ ಚಪ್ಪಲಿ ಹಾಕ್ಕೊಂಡ್ಲು. ‘ಆಗಲಿ ಅಕ್ಕ’ ಅಂದ್ಲು. ಮೆಟ್ಟಲಾ ಇಳದ ಹೋದ್ಲು. ಚಾ ಕೆನಿಗಟ್ಟಿತ್ತು.” ಗಿರಿಜಮ್ಮ ಅಳಿಲಿನ ಕಡೆ ನೋಡುತ್ತಾ ಇಷ್ಟು ಹೇಳಿ ಬುತ್ತಿ ಕಟ್ಟುತ್ತಾರೆ.

ಮರುದಿನ ಅವರು ನೇಹಾ ಮುಂದೆ ಹೋಗಿ ಎಲ್ಲವನ್ನೂ ಹೇಳಿದರು. ಕೆಲಸದಿಂದ ತೆಗೆಯಿರಿ ಎಂದೂ ಹೇಳಿದರು. ನೇಹಾ ಅದನ್ನು ಬರೆದು ದಾಖಲೆ ಮಾಡಿ, ಎಚ್ಚರಿಕೆ ಪತ್ರ ಕೊಟ್ಟು, ಮತ್ತೆ ಅದೇ ಕೋಣೆಗೆ ಕಳಿಸಿದರು. “ಒಮ್ಮೆ ಸುಟ್ಟುಕೊಂಡವರಿಗೆ ಬೆಂಕಿ ಎಷ್ಟು ದೂರ ಇಡಬೇಕೆಂದು ಗೊತ್ತಿರುತ್ತದೆ. ಇವರನ್ನು ಬಿಟ್ಟು ಇನ್ನಾರನ್ನು ಅಲ್ಲಿ ಕೂರಿಸಲಿ?” ಎಂಬುದು ಅವರ ಮಾತು. ಅವತ್ತಿನಿಂದಲೇ ಎಡಗೈ ಹೆಬ್ಬೆರಳು ಹೆಸರಿನ ಮೇಲೆ ಕೂರಲು ಶುರುವಾದದ್ದು. ಕಂಪನಿಯ ನಿಯಮದಲ್ಲಿ ಅದು ಇಲ್ಲ. “ಗೊತ್ತಿಲ್ಲದ್ದು ಬಾಯಿಂದ ಹೆಂಗ ಬೀಳತೈತಿ?” ಎನ್ನುತ್ತಾರೆ.

ಭಜನೆಗೆ ಹೋಗುವುದನ್ನು ಬಿಟ್ಟರು. ಮೊದಲು ಅವರಾಗಿ ಬಿಟ್ಟರು, ಆಮೇಲೆ ಕರೆಯುವವರೂ ಬಿಟ್ಟರು. ಬಾಯಿ ಗಟ್ಟಿಯಿದ್ದರೂ ಮುಖ ಗಟ್ಟಿಯಿಲ್ಲ ಎಂಬ ಹೆದರಿಕೆ ಅವರಿಗೆ. ಯಾರದಾದರೂ ಹೆಸರು ಬಂದಾಗ ಹುಬ್ಬು ಅಲ್ಲಾಡಿದರೂ ಅದನ್ನೊಂದು ಸುದ್ದಿ ಮಾಡುವವರಿದ್ದಾರೆ. ಈಗ ಅವರಿಗೆ ಯಾವ ಹೆಸರೂ ಗೊತ್ತಿಲ್ಲ, ಆದರೆ ಅದನ್ನು ನಂಬುವವರು ಯಾರು? ಹೋಳಿಗೆಯ ಕಾವಲಿ ಅಟ್ಟ ಸೇರಿದ್ದು ಇನ್ನೂ ಇಳಿದಿಲ್ಲ. ಒಬ್ಬರಿಗೆಂದು ಹೂರಣ ರುಬ್ಬಲು ಮನಸ್ಸು ಬರುವುದಿಲ್ಲವಂತೆ. ಭಾನುವಾರ ಒಮ್ಮೊಮ್ಮೆ ಸಂಜೆಯಾದಾಗ, ಬೆಳಗಿನಿಂದ ಬಾಯಿಂದ ಒಂದು ಮಾತೂ ಹೊರಟಿಲ್ಲ ಎಂಬುದು ನೆನಪಾಗಿ, ಸುಮ್ಮನೆ ಗೋಡೆಯ ಮೇಲಿನ ಚನ್ನಬಸಪ್ಪನವರ ಫೋಟೊಗೆ ‘ಊಟ ಆತೇನ್ರಿ’ ಎಂದು ಕೇಳುತ್ತಾರೆ.

“ಅರ್ಚಿತಾಗ ಲಗ್ನ ಆತೋ ಇಲ್ಲೋ, ಅದೂ ಗೊತ್ತಿಲ್ರಿ ನನಗ,” ಎನ್ನುತ್ತಾರೆ. “ಅಮದಾಬಾದ್‌ನ್ಯಾಗ ನೌಕರಿ ಮಾಡ್ತಾಳ ಅಂತ ಕೇಳಿದ್ದೆ. ಕೂಸು ಇದ್ದೀತೋ ಏನೋ. ಯಾರನ್ನ ಕೇಳ್ಲಿ?” ಒಂದೂವರೆ ಲಕ್ಷ ಮನೆಗಳ ಬಾಗಿಲು ಕಾಯುವ ಹೆಂಗಸಿಗೆ ಬೇಕಾದ ಒಂದೇ ಒಂದು ಸುದ್ದಿ ಹೇಳುವವರಿಲ್ಲ.

ಹಾಗಾದರೆ ಅರ್ಚಿತಾಳ ಡಬ್ಬಿ ಬಂದಿತ್ತೇ, ಇಲ್ಲವೇ? ಓದುಗರಿಗೆ ಇರುವ ಕುತೂಹಲ ಬರೆಯುವವರಿಗೂ ಇತ್ತು. ಮೂರನೆಯ ದಿನ ಬೆಳಿಗ್ಗೆ, ಹೊಸ್ತಿಲಾಚೆ ನಿಂತು, ಮೆಲ್ಲಗೆ ಕೇಳಿದ್ದಾಯಿತು. ಐದು ವರ್ಷವಾಯಿತು, ಹೆಸರೂ ಬದಲಾಗಿದೆ, ಈಗ ಹೇಳಿದರೆ ಏನು? ಗಿರಿಜಮ್ಮ ಕತ್ತರಿ ಕೆಳಗಿಟ್ಟು ಒಮ್ಮೆ ನೋಡಿದರು. ಆ ನೋಟಕ್ಕೆ ಕೇಳಿದವರ ತಲೆ ತಾನಾಗಿ ತಗ್ಗಿತು. ಅವರು ಇನ್ನೊಂದು ಡಬ್ಬಿ ಎತ್ತಿಕೊಂಡರು.

ಮುಂದಿನ ಮಾರ್ಚಿಗೆ ನಿವೃತ್ತಿ. ಸೂರತ್ತಿನ ಶಾಖೆಯಿಂದ ಒಬ್ಬ ಹೆಣ್ಣುಮಗಳನ್ನು ಕಲಿಯಲು ಕಳಿಸುತ್ತಾರಂತೆ. ಆಕೆಗೆ ಮೊದಲು ಕಲಿಸುವುದು ಚೀಟಿ ಅಂಟಿಸುವುದನ್ನಲ್ಲ, ‘ಇಲ್ಲ’ ಎನ್ನದಿರುವುದನ್ನು. ಬೀಗದ ಕೈ ಕೊಟ್ಟು ಬರಬಹುದು, ಬಾಯಿಗೆ ಮಾತ್ರ ನಿವೃತ್ತಿ ಇಲ್ಲ ಎಂಬುದು ಅವರಿಗೆ ಗೊತ್ತಿದೆ. ಅದರಲ್ಲಿ ಅವರಿಗೆ ಬೇಸರವೂ ಕಾಣುವುದಿಲ್ಲ. ರತ್ನಮ್ಮನ ಮಗಳು ಅನ್ನಿಸಿಕೊಂಡರೆ ಸಾಕಂತೆ.

ಈ ಲೇಖನಕ್ಕೆ ಅವರು ಎರಡು ಸಲ ಒಲ್ಲೆ ಎಂದಿದ್ದರು. ಮೂರನೆಯ ಸಲ ಅವರಾಗಿಯೇ ಫೋನು ಮಾಡಿ, ಬರ್ರಿ, ಆದರೆ ಮುಖದ ಫೋಟೊ ಬೇಡ ಎಂದರು. ಈ ಪುಟದಲ್ಲಿ ಕೈ ಮಾತ್ರ ಇರುವುದು ಅದಕ್ಕೆ. ಮನಸ್ಸು ಬದಲಾದದ್ದು ಯಾಕೆ ಎಂಬುದನ್ನು ಕೊನೆಯ ದಿನ, ಗೇಟಿನ ತನಕ ಬಿಟ್ಟುಬರಲು ಬಂದಾಗ, ಬೀಗದ ಕೈಯ ಗಂಟನ್ನು ಬಿಗಿ ಮಾಡುತ್ತಾ ಹೇಳಿದರು.

“ನಿಮ್ಮ ಪೇಪರ್ ಅನುರಾಧಾ ಓದ್ತಾಳ. ಭಾನುವಾರದ್ದು ತಪ್ಪಸೂದಿಲ್ಲ, ಮೊಬೈಲ್‌ನ್ಯಾಗ ಓದ್ತಾಳ. ನಾ ಆಕಿಗೆ ಹೇಳಾಕ ಆಗಲಾರದ್ದು ನೀವು ಬರೀರಿ, ಯಾಕ ಹೇಳಲಿಲ್ಲ ಅನ್ನೂದಷ್ಟ. ಬಂದು ಒಮ್ಮೆ ಬಾಯಿ ತುಂಬ ಬೈದು ಹೋಗ್ಲಿ. ಅವತ್ತ ಬೈಲಾರದ ಹೋದ್ಲಲ್ಲ, ಅದ ನನಗ ಭಾರ ಆಗೇತಿ. ಭಾನುವಾರ ಮಧ್ಯಾಹ್ನ ಮನ್ಯಾಗ ಇರ್ತೀನಿ. ಆಕಿ ಕೇಳಿದ್ದಕ್ಕ ಈಗಲೂ ಉತ್ತರಾ ಕೊಡೂದಿಲ್ಲ. ಚಾ ಮಾತ್ರ ಬಿಸಿ ಕೊಡ್ತೀನಿ.”